ಉಕ್ಕಿನ ಹದವೂ ಕಾನೂನಿನ ಎಣಿಕೆಯೂ

ರೊಮೇನಿಯಾ ದೇಶದ ಕುಗಿರ್ ಎಂಬ ಊರಿನ ಆಯುಧಶಾಲೆಯಲ್ಲಿ ಅರ್ಧ ಶತಮಾನದ ಹಿಂದೆ ಸೈನಿಕನೊಬ್ಬನ ಹೆಗಲಿಗೆಂದು ನಿರ್ಮಿತವಾದ ಕಲಾಶ್ನಿಕೋವ್ ಮಾದರಿಯ ಬಂದೂಕೊಂದನ್ನು, ಶೀತಲ ಸಮರವು ಮುಗಿದು ಆ ಸೇನೆಗೆ ಅದರ ಅಗತ್ಯವು ತೀರಿದ ಮೇಲೆ, ಅದರ ಒಡಲೆನ್ನಿಸಿದ ರಿಸೀವರನ್ನು ಅನಿಲಜ್ವಾಲೆಯಿಂದ ತುಂಡರಿಸಿ, ಉಳಿದ ಅಂಗಗಳನ್ನು ತುಕ್ಕು ಹಿಡಿಯದಂತೆ ಜಿಡ್ಡಿನಲ್ಲಿ ಅದ್ದಿ, ಪೆಟ್ಟಿಗೆಯಲ್ಲಿ ತುಂಬಿ, ಸಮುದ್ರವನ್ನು ದಾಟಿಸಿ ತಂದಾಗ, ಅಮೆರಿಕದ ಮಾರುಕಟ್ಟೆಯಲ್ಲಿ ಅದಕ್ಕೆ ‘ಪಾರ್ಟ್ಸ್ ಕಿಟ್’ ಎಂಬ ಹೊಸ ಹೆಸರಾಗುತ್ತದೆ. ಪೋಲೆಂಡಿನ ರಾದೋಮ್, ಹಂಗೆರಿಯ ಬುಡಾಪೆಸ್ಟ್, ಯುಗೋಸ್ಲಾವಿಯದ ಕ್ರಾಗುಯೆವಾತ್ಸ್ ಮೊದಲಾದ ಊರುಗಳ ಕಾರ್ಖಾನೆಗಳ ಬಂದೂಕುಗಳೂ ಇದೇ ದಾರಿಯನ್ನು ಹಿಡಿದು ಬಂದಿವೆ. ಈ ಬಿಡಿ ಅಂಗಗಳಿಗೆ ಅಮೆರಿಕದಲ್ಲಿ ತಯಾರಾದ ಹೊಸ ರಿಸೀವರೊಂದನ್ನು ಕೂಡಿಸಿ, ಕುದುರೆಯನ್ನೊಮ್ಮೆ ಎಳೆದರೆ ಒಂದೇ ಗುಂಡು ಹಾರುವ ಅರೆಸ್ವಯಂಚಾಲಿತ ರೈಫಲನ್ನಾಗಿ ಮಾರ್ಪಡಿಸುವ ವ್ಯಾಪಾರವೂ ಹವ್ಯಾಸವೂ ಆ ದೇಶದಲ್ಲಿ ದಶಕಗಳಿಂದ ಬೆಳೆದು ನಿಂತಿವೆ. ಹೀಗೆ ಮರುಜನ್ಮ ಪಡೆದ ಬಂದೂಕಿನ ಹಿಂದೆ ಕೆನ್ನೆಯಿಟ್ಟು ಗುರಿ ಹಿಡಿಯುವ ಮನುಷ್ಯನಿಗೆ ಅದರ ಕ್ಷೇಮದ ವಿಷಯದಲ್ಲಿ ಭರವಸೆ ಕೊಡುವವರು ಯಾರು ಎಂಬ ಪ್ರಶ್ನೆಯನ್ನು ಕುರಿತು ಇಲ್ಲಿ ವಿಚಾರ ಮಾಡಬೇಕಾಗಿದೆ.

ಆ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾದರೆ ಗುಂಡು ಹಾರುವ ಕ್ಷಣದಲ್ಲಿ ಬಂದೂಕಿನೊಳಗೆ ನಡೆಯುವುದೇನು ಎಂಬುದನ್ನು ಮೊದಲು ತಿಳಿದುಕೊಳ್ಳತಕ್ಕದ್ದು. ಕಲಾಶ್ನಿಕೋವಿನ 7.62×39 ತೋಟಾ ಸಿಡಿದಾಗ ನಳಿಕೆಯ ಬುಡದಲ್ಲಿರುವ ಗೂಡಿನೊಳಗೆ ಉಂಟಾಗಬಹುದಾದ ಗರಿಷ್ಠ ಒತ್ತಡವನ್ನು ಯುರೋಪಿನ ಪರೀಕ್ಷಾ ಮಂಡಲಿಯು 355 ಮೆಗಾಪಾಸ್ಕಲ್ ಎಂದು ಗೊತ್ತುಪಡಿಸಿದೆ. ಅಂದರೆ ಒಂದು ಚದರ ಸೆಂಟಿಮೀಟರಿನಷ್ಟು ಜಾಗದ ಮೇಲೆ ಮೂರೂವರೆ ಸಾವಿರ ಕಿಲೋಗ್ರಾಮಿಗೂ ಮಿಕ್ಕಿದ ಭಾರ. ತೋಟಾದ ಕೋಶವು ತೆಳುವಾದ ಲೋಹದ್ದು. ಸುತ್ತಲೂ ಗೂಡಿನ ಗೋಡೆಯೂ ಹಿಂದಿನಿಂದ ಗೂಡನ್ನು ಮುಚ್ಚುವ ಬೋಲ್ಟಿನ ಮುಖವೂ ಅದನ್ನು ಬಿಗಿಯಾಗಿ ಅವಚಿ ಹಿಡಿದಿರುವವರೆಗೆ ಮಾತ್ರ ಅದು ಈ ಒತ್ತಡವನ್ನು ತಡೆದೀತು. ಬೋಲ್ಟಿನ ಮುಖಕ್ಕೂ, ಗೂಡಿನೊಳಗೆ ತೋಟಾದ ಭುಜವು ತಾಗಿ ನಿಲ್ಲುವ ಸ್ಥಾನಕ್ಕೂ ನಡುವಣ ದೂರವನ್ನು ಬಂದೂಕು ಕಮ್ಮಾರರು ‘ಹೆಡ್‌ಸ್ಪೇಸ್’ ಎಂದು ಕರೆಯುತ್ತಾರೆ. ಈ ದೂರವು ಇಂಚಿನ ಸಾವಿರದ ಕೆಲವೇ ಭಾಗಗಳಷ್ಟು ಹೆಚ್ಚಾದರೂ ಕೋಶವು ಹಿಂದಕ್ಕೆ ಹಿಗ್ಗಿ, ಬುಡದ ಬಳಿ ಬಿರಿದು, ಉರಿಯುವ ಅನಿಲವು ಗುರಿಕಾರನ ಮುಖದ ಕಡೆಗೆ ನುಗ್ಗುವ ಸಂಭವವುಂಟು. ಮನುಷ್ಯನ ಕಣ್ಣಿನಿಂದ ಒಂದು ಗೇಣಿನಷ್ಟು ಮಾತ್ರ ದೂರದಲ್ಲಿ ನಡೆಯುವ ವ್ಯಾಪಾರ ಇದಾದುದರಿಂದ ಇಲ್ಲಿ ಅಳತೆಯೆಂಬುದು ಶಿಸ್ತಿನ ವಿಷಯವಾಗಿ ಮಾತ್ರ ಉಳಿಯದೆ ದೃಷ್ಟಿಯ, ಪ್ರಾಣದ ವಿಷಯವಾಗುತ್ತದೆ.

ಕಲಾಶ್ನಿಕೋವಿನ ರಚನೆಯನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. 1959ರಿಂದೀಚೆಗೆ ರೂಢಿಗೆ ಬಂದ ಎಕೆಎಂ ಮಾದರಿಯಲ್ಲಿ ರಿಸೀವರೆಂಬುದು ಸುಮಾರು ಒಂದು ಮಿಲಿಮೀಟರು ದಪ್ಪದ ಉಕ್ಕಿನ ತಗಡನ್ನು ಒತ್ತಿ ಮಡಿಸಿ ಮಾಡಿದ ಒಂದು ಪೆಟ್ಟಿಗೆ. ಸ್ಫೋಟದ ಭಾರವನ್ನು ಹೊರುವುದು ಅದರ ಕೆಲಸವಲ್ಲ. ಅದರ ಮುಂಭಾಗದಲ್ಲಿ ರಿವೆಟುಗಳಿಂದ ಬಿಗಿದಿರುವ ‘ಟ್ರನಿಯನ್’ ಎಂಬ ಉಕ್ಕಿನ ಗಟ್ಟಿಯೂ, ಅದರೊಳಕ್ಕೆ ಒತ್ತಿ ಕೂರಿಸಿದ ನಳಿಕೆಯೂ, ಆ ಗಟ್ಟಿಯಲ್ಲಿ ತನ್ನ ಎರಡು ಚಾಚುಗಳನ್ನು ತಿರುಗಿಸಿ ಕಚ್ಚಿ ನಿಲ್ಲುವ ಬೋಲ್ಟೂ ಕೂಡಿ ಆ ಭಾರವನ್ನು ಹೊರುತ್ತವೆ. ಕಾರ್ಖಾನೆಯಲ್ಲಿ ಈ ಮೂರನ್ನೂ ಒಂದಕ್ಕೊಂದು ಹೊಂದಿಸಿ, ಅಳತೆಗಡ್ಡಿಯಿಂದ ಪರೀಕ್ಷಿಸಿ, ಬೋಲ್ಟಿನ ಮೇಲೂ ಅದರ ವಾಹಕದ ಮೇಲೂ ಬಂದೂಕಿನ ಸರಣಿ ಸಂಖ್ಯೆಯನ್ನೇ ಒತ್ತುವ ಪದ್ಧತಿಯುಂಟು. ಆ ಸಂಖ್ಯೆಗಳು ಒಂದು ಕುಟುಂಬದ ಮನೆಹೆಸರಿನಂತೆ. ಈ ಬೋಲ್ಟು ಈ ನಳಿಕೆಗೇ ಸೇರಿದ್ದು ಎಂದು ಅವು ಸಾರುತ್ತವೆ. ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದ ಅಂಗಗಳು ದಾಸ್ತಾನಿನಲ್ಲಿ ಬೆರೆತು, ಒಂದರ ಬೋಲ್ಟು ಇನ್ನೊಂದರ ನಳಿಕೆಗೆ ಜೊತೆಯಾದಾಗ, ಎರಡೂ ಪ್ರತ್ಯೇಕವಾಗಿ ನಿರ್ದೋಷವಾಗಿದ್ದರೂ ಅವುಗಳ ಸಂಬಂಧವು ದೋಷಯುಕ್ತವಾಗಬಹುದು. ಬಂದೂಕಿನ ಕ್ಷೇಮವು ಯಾವೊಂದು ಅಂಗದಲ್ಲಿಯೂ ಇರದೆ ಅಂಗಗಳು ಕೂಡುವ ಸಂಧಿಯಲ್ಲಿ ನೆಲಸಿರುತ್ತದೆ ಎಂಬ ಈ ತತ್ತ್ವವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಮಾತೆಲ್ಲವೂ ಇದನ್ನೇ ಆಧರಿಸಿ ನಿಂತಿದೆ.

ಸಂಧಿಯ ಅಳತೆ ಸರಿಯಾಗಿದ್ದರೂ ಉಕ್ಕಿನ ಹದ ತಪ್ಪಿದ್ದರೆ ಆ ಅಳತೆ ಹೆಚ್ಚು ಕಾಲ ಉಳಿಯುವುದಿಲ್ಲ. ಕಾಯಿಸಿ ತಣಿಸುವ ಕ್ರಮದಲ್ಲಿ ಉಕ್ಕು ಅತಿ ಮೃದುವಾದರೆ ಬೋಲ್ಟಿನ ಚಾಚುಗಳು ಹೊಡೆತದಿಂದ ಹೊಡೆತಕ್ಕೆ ತಗ್ಗುತ್ತ ಹೆಡ್‌ಸ್ಪೇಸು ಬೆಳೆಯುತ್ತದೆ. ಅತಿ ಬಿರುಸಾದರೆ ಒಂದು ದಿನ ಸೂಚನೆಯೇ ಇಲ್ಲದೆ ಗಾಜಿನಂತೆ ಒಡೆಯುತ್ತದೆ. ಹೊರನೋಟಕ್ಕೆ ಈ ಎರಡಕ್ಕೂ ಸರಿಯಾದ ಉಕ್ಕಿಗೂ ಯಾವ ಭೇದವೂ ಕಾಣುವುದಿಲ್ಲ. ಇದಕ್ಕೆ ನಿದರ್ಶನವು ಅಮೆರಿಕದ ಸ್ವಂತ ಚರಿತ್ರೆಯಲ್ಲಿಯೇ ಇದೆ. 1903ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ರೈಫಲುಗಳ ರಿಸೀವರುಗಳನ್ನು ಕಾಯಿಸುವಾಗ ಅಲ್ಲಿಯ ಅನುಭವಿಗಳಾದ ಕಮ್ಮಾರರು ಉಕ್ಕಿನ ಬಣ್ಣವನ್ನು ಕಣ್ಣಿನಿಂದಲೇ ನೋಡಿ ತಾಪವನ್ನು ನಿರ್ಣಯಿಸುತ್ತಿದ್ದರು. ಮೋಡ ಕವಿದ ದಿನ ಸರಿಯಾಗಿ ಕಂಡ ಕೆಂಪು ಬಿಸಿಲಿನ ದಿನ ಮಂಕಾಗಿ ಕಾಣುತ್ತಿತ್ತಾದುದರಿಂದ, ಪ್ರಖರವಾದ ಬೆಳಕಿನಲ್ಲಿ ಅವರು ತಿಳಿಯದೆಯೇ ಉಕ್ಕನ್ನು ಮಿತಿಮೀರಿ ಕಾಯಿಸಿಬಿಡುತ್ತಿದ್ದರು. 1917ರಲ್ಲಿ ಕೆಲವು ರೈಫಲುಗಳು ಒಡೆದು ಚೂರಾದ ಮೇಲೆಯೇ ಈ ರಹಸ್ಯವು ಹೊರಬಿದ್ದು, ತಾಪಮಾಪಕಗಳು ಕುಲುಮೆಯ ಬಳಿಗೆ ಬಂದವು. ಆ ಕಾರ್ಖಾನೆಯ ಸುಮಾರು 8,00,000ಕ್ಕಿಂತ ಕೆಳಗಿನ ಸಂಖ್ಯೆಯ ರಿಸೀವರುಗಳನ್ನು ಇಂದಿಗೂ ಬಲ್ಲವರು ಹಾರಿಸದೆ ಬದಿಗಿಡುತ್ತಾರೆ. ನಿಪುಣರಾದ ಕಮ್ಮಾರರೂ, ಸರ್ಕಾರದ ಆಯುಧಶಾಲೆಯೂ, ಯುದ್ಧಕಾಲದ ಎಚ್ಚರವೂ ಇದ್ದೆಡೆಯಲ್ಲಿಯೇ ಹೀಗಾದ ಮೇಲೆ, ಯಾರೋ ಎಲ್ಲಿಯೋ ತಯಾರಿಸಿ, ಇನ್ನಾರೋ ಕತ್ತರಿಸಿ, ಮತ್ತಾರೋ ಜೋಡಿಸಿದ ವಸ್ತುವಿನ ವಿಷಯದಲ್ಲಿ ಎಷ್ಟು ಜಾಗರೂಕತೆ ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿಸೀವರನ್ನು ಕತ್ತರಿಸಿದ ಜ್ವಾಲೆಯ ಕಾವು ಪಕ್ಕದ ಟ್ರನಿಯನ್ನಿಗೆ ಹರಿದು ಅದರ ಹದವನ್ನು ಕೆಡಿಸಿರಬಹುದೆಂಬ ಶಂಕೆಯನ್ನು ಕುಶಲರು ತಾಳುವುದು ಈ ಕಾರಣದಿಂದಲೇ.

ಇನ್ನು ಕಾನೂನಿನ ಕಡೆಗೆ ಬರೋಣ. ಅಮೆರಿಕದ 1968ರ ಬಂದೂಕು ನಿಯಂತ್ರಣ ಶಾಸನವು ಕ್ರೀಡೆಗೆ ಯೋಗ್ಯವಾದ ಆಯುಧಗಳನ್ನು ಮಾತ್ರ ವಿದೇಶದಿಂದ ತರಿಸಿಕೊಳ್ಳಬಹುದೆಂಬ ತತ್ತ್ವವನ್ನು ಸ್ಥಾಪಿಸಿತು. 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಪಟ್ಟಣದ ಪ್ರಾಥಮಿಕ ಶಾಲೆಯೊಂದರ ಅಂಗಳದಲ್ಲಿ ಆಟವಾಡುತ್ತಿದ್ದ ಮಕ್ಕಳ ಮೇಲೆ ಒಬ್ಬನು ಚೀಣಾ ದೇಶದಲ್ಲಿ ತಯಾರಾದ ಅರೆಸ್ವಯಂಚಾಲಿತ ರೈಫಲಿನಿಂದ ಗುಂಡಿನ ಮಳೆಗರೆದು ಐದು ಎಳೆಯ ಜೀವಗಳನ್ನು ಕಳೆದಾಗ, ಆ ದುಃಖದ ಫಲವಾಗಿ ಅದೇ ವರ್ಷ ಅಂತಹ 43 ಮಾದರಿಗಳ ಆಮದನ್ನು ಸರ್ಕಾರವು ನಿಷೇಧಿಸಿತು. ಇಡಿಯ ಬಂದೂಕಿಗೆ ಬಾಗಿಲು ಮುಚ್ಚಿದಾಗ ಬಿಡಿಭಾಗಗಳ ರೂಪದಲ್ಲಿ ಅದು ಕಿಟಕಿಯಿಂದ ಒಳಬಾರದಿರಲೆಂದು 1990ರಲ್ಲಿ ಇನ್ನೊಂದು ವಿಧಿಯನ್ನು ಕೂಡಿಸಲಾಯಿತು; ಅದರ ಅನ್ವಯ ರಚಿತವಾದ ನಿಯಮವು ಬಂದೂಕಿನ 20 ಅಂಗಗಳ ಪಟ್ಟಿಯೊಂದನ್ನು ಮಾಡಿ, ಅವುಗಳಲ್ಲಿ ವಿದೇಶದವು 10ಕ್ಕಿಂತ ಹೆಚ್ಚಿರಕೂಡದೆಂದು ವಿಧಿಸಿತು. 2005ರಲ್ಲಿ ಅಂತಹ ಕಿಟ್ಟುಗಳೊಡನೆ ಹಳೆಯ ನಳಿಕೆಗಳು ಬರುವುದನ್ನೂ ತಡೆಯಲಾಯಿತು.

ಮಕ್ಕಳ ಸಾವಿನಿಂದ ಹುಟ್ಟಿದ ಈ ಶಾಸನಗಳ ಉದ್ದೇಶವನ್ನು ಗೌರವಿಸದವರು ಯಾರಿದ್ದಾರು? ಆದರೆ ಅವು ಅಂಗಗಳ ಜನ್ಮಸ್ಥಾನವನ್ನು ಎಣಿಸಿದುವೇ ಹೊರತು ಅವುಗಳ ಸತ್ತ್ವವನ್ನು ತೂಗಲಿಲ್ಲ. ಎಣಿಕೆಯನ್ನು ಸರಿದೂಗಿಸುವುದಕ್ಕಾಗಿ, ಸೈನ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ಸುತ್ತಿಗೆ, ಕುದುರೆ, ಪಿಸ್ಟನುಗಳನ್ನು ತೆಗೆದು ಅವುಗಳ ಸ್ಥಾನದಲ್ಲಿ ಅಮೆರಿಕದಲ್ಲಿ ತಯಾರಾದುವನ್ನು ಇಡುವುದು ವಾಡಿಕೆಯಾಯಿತು. ಆ ಹೊಸ ಅಂಗಗಳಲ್ಲಿ ಉತ್ತಮವಾದುವೂ ಉಂಟು. ಆಕಾರ ತಪ್ಪಿದುವೂ ಉಂಟು. ಪ್ರತಿ ಗುಂಡಿಗೂ ಕುದುರೆಯು ಹಿಂದಿರುಗಿ ಬೆರಳಿಗೆ ಬಡಿಯುವ ‘ಟ್ರಿಗರ್ ಸ್ಲ್ಯಾಪ್’ ಎಂಬ ಬೇನೆಯನ್ನು ಅಲ್ಲಿಯ ಗುರಿಕಾರರು ಆ ವರ್ಷಗಳಲ್ಲಿ ಚೆನ್ನಾಗಿಯೇ ಅನುಭವಿಸಿದರು. ಕಿರಿದಾದ ಮ್ಯಾಗಜೀನಿಗೆಂದು ರೊಮೇನಿಯದಿಂದ ಬಂದ ರೈಫಲುಗಳ ಬಾಯನ್ನು ಅಮೆರಿಕದಲ್ಲಿ ಕೊರೆದು ಅಗಲಿಸಿದಾಗ ಮ್ಯಾಗಜೀನುಗಳು ಸಡಿಲವಾಗಿ ಓಲಾಡಿದುವು. ಹಳೆಯ ಕಿಟ್ಟುಗಳು ವಿರಳವಾದಂತೆ, ಬಡಿದು ರೂಪಿಸಬೇಕಾದ ಟ್ರನಿಯನ್ನುಗಳನ್ನು ಕೆಲವರು ಎರಕ ಹೊಯ್ದು ಮಾಡಿದಾಗ, ಅಂತಹ ಕೆಲವು ರೈಫಲುಗಳಲ್ಲಿ ಕೆಲವೇ ಸಾವಿರ ಗುಂಡುಗಳಿಗೆ ಬೋಲ್ಟು ಕಚ್ಚುವ ಅಂಚುಗಳು ಸವೆದುದು ಕಂಡುಬಂದಿತು. ಇವು ಸ್ವದೇಶದ ವಸ್ತುಗಳು. ಕಾನೂನಿನ ಎಣಿಕೆಯಲ್ಲಿ ಪೂರ್ಣ ಅಂಕ ಪಡೆದವು.

ಅದಕ್ಕೆ ಪ್ರತಿಯಾಗಿ, 1994ರಲ್ಲಿ ಚೀಣಾದ ಬಂದೂಕುಗಳ ಆಮದು ನಿಲ್ಲುವುದಕ್ಕೆ ಮೊದಲು ಅಲ್ಲಿಂದ ಬಂದ, ಅಮೆರಿಕದ ಸೈನ್ಯದ ಎಂ-14 ಮಾದರಿಯ ರೈಫಲುಗಳನ್ನು ನೋಡಿ. ಅವುಗಳ ರಿಸೀವರು ಬಡಿದು ರೂಪಿಸಿದ್ದು, ಗಟ್ಟಿಯಾದದ್ದು ಎಂದು ಅಮೆರಿಕದ ಬಂದೂಕು ಕಮ್ಮಾರರೇ ಮೆಚ್ಚಿದರು. ಅದೇ ಬಂದೂಕಿನ ಬೋಲ್ಟು ಮೃದುವಾಗಿದೆ, ಹೆಡ್‌ಸ್ಪೇಸು ಹೆಚ್ಚಾಗಿದೆ ಎಂದು ಎಚ್ಚರಿಸಿ, ಅದನ್ನು ತೆಗೆದು ಅಮೆರಿಕದ ಸೈನ್ಯದ ಹಳೆಯ ಬೋಲ್ಟನ್ನು ಅಳತೆ ನೋಡಿ ಹಾಕಿಸುತ್ತಿದ್ದರು. ಒಂದೇ ಆಯುಧದಲ್ಲಿ, ಒಂದೇ ದೇಶದಲ್ಲಿ ಹುಟ್ಟಿದ ಒಂದು ಅಂಗ ಶ್ಲಾಘ್ಯವೂ ಮತ್ತೊಂದು ಶಂಕಾಸ್ಪದವೂ ಆಗಿದ್ದ ಮೇಲೆ, ಹುಟ್ಟೂರಿನಿಂದ ಗುಣವನ್ನು ನಿರ್ಣಯಿಸುವ ನ್ಯಾಯವು ಎಷ್ಟು ದುರ್ಬಲವಾದದ್ದೆಂದು ವಿವೇಚಿಸಬಹುದು. ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೆಂದರೆ, ಅಮೆರಿಕದ ಶಾಸನವು ಈ ಜಾತಿಯ ಆಯುಧಗಳಲ್ಲಿ ‘ಬಂದೂಕು’ ಎಂದು ಗುರುತಿಸಿ ಸಂಖ್ಯೆ ಕೊಟ್ಟು ದಾಖಲೆಯಲ್ಲಿಡುವುದು ಆ ತಗಡಿನ ರಿಸೀವರನ್ನು. ಸಾವಿರಾರು ಕಿಲೋಗ್ರಾಮಿನ ಒತ್ತಡವನ್ನು ಹೊರುವ ನಳಿಕೆ, ಟ್ರನಿಯನ್, ಬೋಲ್ಟುಗಳು ಅದರ ದೃಷ್ಟಿಯಲ್ಲಿ ಬರಿಯ ಬಿಡಿಭಾಗಗಳು. ಆಯುಧವು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಪತ್ತೆ ಹಚ್ಚುವುದಕ್ಕೆ ಈ ವ್ಯವಸ್ಥೆಯು ಉಪಯುಕ್ತವೇ ಸರಿ. ಆಯುಧವು ಹಾರಿಸುವವನ ಕೈಯಲ್ಲಿ ಒಡೆಯುವುದೋ ಇಲ್ಲವೋ ಎಂಬುದನ್ನು ಅದು ಕೇಳುವುದೇ ಇಲ್ಲ.

ಹಳೆಯ ಸೈನ್ಯದ ದಾಸ್ತಾನಿನಿಂದ ಬಂದ ವಸ್ತುಗಳಲ್ಲಿ ಉಕ್ಕಿನ ದೋಷವಿಲ್ಲದಿದ್ದರೂ ಕಾಲದ ದೋಷವು ಅಡಗಿರಬಹುದು. ರಷ್ಯಾದಿಂದಲೂ ಚೀಣಾದಿಂದಲೂ ಯುಗೋಸ್ಲಾವಿಯದಿಂದಲೂ ಬಹುಸಂಖ್ಯೆಯಲ್ಲಿ ಬಂದ ಎಸ್‌ಕೆಎಸ್ ರೈಫಲಿನ ಫೈರಿಂಗ್ ಪಿನ್ನು ಸಾಮಾನ್ಯವಾಗಿ ಸ್ಪ್ರಿಂಗಿನ ತಡೆಯಿಲ್ಲದೆ ಬೋಲ್ಟಿನೊಳಗೆ ಮುಕ್ತವಾಗಿ ಚಲಿಸುತ್ತದೆ. ದಶಕಗಳ ಕಾಲ ಉಗ್ರಾಣದಲ್ಲಿದ್ದ ಬಂದೂಕಿನಲ್ಲಿ ‘ಕಾಸ್ಮೊಲಿನ್’ ಎಂಬ ಜಿಡ್ಡು ಅಂಟಿನಂತೆ ಗಟ್ಟಿಯಾಗಿ ಆ ಪಿನ್ನನ್ನು ಮುಂಚಾಚಿದ ಸ್ಥಿತಿಯಲ್ಲಿಯೇ ಹಿಡಿದುಬಿಟ್ಟರೆ, ಬೋಲ್ಟು ಮುಚ್ಚಿಕೊಂಡೊಡನೆ, ಕುದುರೆಯನ್ನು ಮುಟ್ಟದಿದ್ದರೂ, ತೋಟಾ ಸಿಡಿಯುವುದುಂಟು. ಒಮ್ಮೊಮ್ಮೆ ಮ್ಯಾಗಜೀನು ಬರಿದಾಗುವವರೆಗೂ ಗುಂಡುಗಳು ಒಂದರ ಹಿಂದೊಂದು ಹಾರಿಬಿಡುತ್ತವೆ. ಸೈನ್ಯದ ತೋಟಾಗಳ, ಪಿನ್ನಿನ ಪೆಟ್ಟಿಗೆ ಕಿಡಿಕಾರಿ ಮದ್ದನ್ನು ಹೊತ್ತಿಸುವ ಪ್ರೈಮರು ಗಟ್ಟಿಯಾಗಿರುತ್ತದೆ, ಅಂಗಡಿಯ ತೋಟಾಗಳದು ಮೃದುವಾಗಿರುತ್ತದೆ ಎಂಬ ಸೂಕ್ಷ್ಮ ಭೇದವು ಈ ಅಪಾಯವನ್ನು ಹೆಚ್ಚಿಸುತ್ತದೆ. ಇನ್ನು ಹಳೆಯ ತೋಟಾಗಳ ಪ್ರೈಮರಿನಲ್ಲಿರುವ ಪೊಟ್ಯಾಸಿಯಂ ಕ್ಲೋರೇಟು ಉರಿದ ಮೇಲೆ ನಮ್ಮ ಅಡಿಗೆಯ ಉಪ್ಪಿನ ದಾಯಾದಿಯಾದ ಲವಣವೊಂದನ್ನು ನಳಿಕೆಯಲ್ಲಿಯೂ ಅನಿಲದ ಪಿಸ್ಟನಿನ ಮೇಲೆಯೂ ಬಿಟ್ಟುಹೋಗುತ್ತದೆ. ಅದು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆ ಹಚ್ಚಿದರೆ ಸಾಲದು, ನೀರಿನಿಂದ ತೊಳೆದಲ್ಲದೆ ಅದು ಹೋಗುವುದಿಲ್ಲ. ಯುಗೋಸ್ಲಾವಿಯದ ಎಂ-70 ರೈಫಲಿನ ನಳಿಕೆಗಳಿಗೆ ಒಳಗೆ ಕ್ರೋಮಿಯಮ್ಮಿನ ಲೇಪವಿರಲಿಲ್ಲವಾದುದರಿಂದ ಅವುಗಳಲ್ಲಿ ಈ ಕೊರೆತವು ವಿಶೇಷವಾಗಿ ಕಾಣುತ್ತದೆ.

ಇಷ್ಟೆಲ್ಲ ಅಪಾಯಗಳಿರುವ ವಸ್ತುವನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಿರೆಂದು ಆಜ್ಞಾಪಿಸುವ ಅಧಿಕಾರಿಯೊಬ್ಬನು ಅಮೆರಿಕದಲ್ಲಿ ಇರಬೇಕಷ್ಟೆ ಎಂದು ಓದುಗರು ಭಾವಿಸಬಹುದು. 1972ರಲ್ಲಿ ಆ ದೇಶವು ಗ್ರಾಹಕ ವಸ್ತುಗಳ ಸುರಕ್ಷತೆಗೆ ಒಂದು ಆಯೋಗವನ್ನು ಸ್ಥಾಪಿಸಿದಾಗ, ಮಗುವಿನ ತೊಟ್ಟಿಲಿನಿಂದ ಹುಲ್ಲು ಕತ್ತರಿಸುವ ಯಂತ್ರದವರೆಗೆ ಸಹಸ್ರಾರು ವಸ್ತುಗಳನ್ನು ಅದರ ಅಧೀನಕ್ಕೆ ಒಪ್ಪಿಸಿ, ಬಂದೂಕನ್ನೂ ಮದ್ದುಗುಂಡನ್ನೂ ಆ ಪರಿಧಿಯ ಹೊರಗಿಟ್ಟಿತು. ಆಮದನ್ನು ನೋಡಿಕೊಳ್ಳುವ ಇಲಾಖೆಯು ಪರವಾನಗಿಯನ್ನೂ ಸಂಖ್ಯೆಯನ್ನೂ ಪರಿಶೀಲಿಸುತ್ತದೆ. ಉಕ್ಕನ್ನು ಪರೀಕ್ಷಿಸುವುದು ಅದರ ಕರ್ತವ್ಯವಲ್ಲ. 1926ರಲ್ಲಿ ತಯಾರಕರೇ ಕೂಡಿ ಕಟ್ಟಿದ ಸಂಸ್ಥೆಯೊಂದು ಒತ್ತಡದ ಪ್ರಮಾಣಗಳನ್ನೂ ಅಳತೆಗಳನ್ನೂ ಪ್ರಕಟಿಸುತ್ತ ಬಂದಿದೆಯಾದರೂ ಅವನ್ನು ಪಾಲಿಸುವುದು ಸ್ವಇಚ್ಛೆಗೆ ಬಿಟ್ಟದ್ದು. ಹೀಗಾಗಿ ದೋಷವು ಬೆಳಕಿಗೆ ಬಂದಾಗ ಉಳಿಯುವ ಮಾರ್ಗವು ನ್ಯಾಯಾಲಯದ್ದೊಂದೇ. ರೈಫಲಿನದಲ್ಲದಿದ್ದರೂ ಆಮದಿಗೆ ಸಂಬಂಧಿಸಿದ ಒಂದು ನಿದರ್ಶನವನ್ನು ಕೊಡಬಹುದು: ಬ್ರೆಜಿಲಿನ ಟಾರಸ್ ಸಂಸ್ಥೆಯ ಕೆಲವು ಮಾದರಿಯ ಪಿಸ್ತೂಲುಗಳು ಕೈತಪ್ಪಿ ಬಿದ್ದರೆ ತಾವಾಗಿ ಸಿಡಿಯುತ್ತವೆಂಬ ಆಪಾದನೆಯ ಮೇಲೆ ಹೂಡಿದ ಮೊಕದ್ದಮೆಯು 2015ರಲ್ಲಿ ರಾಜಿಯ ಒಪ್ಪಂದಕ್ಕೆ ಬಂದಿತು. ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಆದರೂ ಆ ಒಪ್ಪಂದದ ವ್ಯಾಪ್ತಿಗೆ ಸೇರಿದ ಪಿಸ್ತೂಲುಗಳ ಸಂಖ್ಯೆ ಹತ್ತು ಲಕ್ಷಕ್ಕೆ ಸಮೀಪವಾಗಿತ್ತು. ದೊಡ್ಡ ಸಂಸ್ಥೆಯ ಮೇಲೆ ದಾವೆ ಹೂಡುವುದಕ್ಕೆ ಒಂದು ವಿಳಾಸವಾದರೂ ಇರುತ್ತದೆ. ಮೂರು ದೇಶಗಳ ಅಂಗಗಳಿಂದ ಕೂಡಿದ ರೈಫಲೊಂದು ಒಡೆದರೆ, ಅಳಿದುಹೋದ ಯುಗೋಸ್ಲಾವಿಯವನ್ನು ಹೊಣೆ ಮಾಡುವುದೋ, ತರಿಸಿದ ವ್ಯಾಪಾರಿಯನ್ನೋ, ರಿಸೀವರನ್ನು ಮಾಡಿದವನನ್ನೋ, ಜೋಡಿಸಿದವನನ್ನೋ? ಹೊಣೆಯೆಂಬುದು ಹಲವರಲ್ಲಿ ಹಂಚಿಹೋದಾಗ ಯಾರ ಪಾಲಿಗೂ ಅದು ಬಾರದೆ ಹೋಗುತ್ತದೆ.

ಈ ಪ್ರಶ್ನೆಗೆ ಯುರೋಪು ಬಹು ಹಿಂದೆಯೇ ಒಂದು ಉತ್ತರವನ್ನು ಕಂಡುಕೊಂಡಿತ್ತು. ಲಂಡನ್ನಿನ ಬಂದೂಕು ಕಮ್ಮಾರರ ಶ್ರೇಣಿಗೆ 1637ರಲ್ಲಿ ರಾಜಶಾಸನವು ದೊರೆತು, ನಳಿಕೆಗಳನ್ನು ಪರೀಕ್ಷಿಸಿ ಮುದ್ರೆಯೊತ್ತುವ ಅಧಿಕಾರವು ಅದಕ್ಕೆ ಬಂದಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹವು 1813ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಸ್ಥಾಪಿತವಾಯಿತು. 1868ರ ಕಾಯಿದೆಯಂತೆ ಪರೀಕ್ಷೆಯ ಮುದ್ರೆಯಿಲ್ಲದ ಬಂದೂಕನ್ನು ಮಾರುವುದು ಬ್ರಿಟನ್ನಿನಲ್ಲಿ ಅಪರಾಧ. ಬೆಲ್ಜಿಯಮ್ಮಿನ ಲಿಯೇಜ್ ನಗರದವರ ಪ್ರೇರಣೆಯಿಂದ 1914ರಲ್ಲಿ ಹಲವು ರಾಷ್ಟ್ರಗಳು ಕೂಡಿ ಒಂದು ಶಾಶ್ವತ ಮಂಡಲಿಯನ್ನು ರಚಿಸಿಕೊಂಡುವು. ಒಂದು ಸದಸ್ಯ ರಾಷ್ಟ್ರದ ಮುದ್ರೆಯನ್ನು ಉಳಿದವು ಮನ್ನಿಸುತ್ತವೆ. ಅಲ್ಲಿಯ ಪರೀಕ್ಷೆಯ ಕ್ರಮವು ಸರಳವಾದದ್ದು, ಕಠೋರವಾದದ್ದು: ಸಾಮಾನ್ಯ ಗರಿಷ್ಠಕ್ಕಿಂತ ನೂರಕ್ಕೆ 25ರಷ್ಟು ಹೆಚ್ಚು ಒತ್ತಡದ ತೋಟಾವನ್ನು, ಮರೆಯಲ್ಲಿ ನಿಂತು, ರೈಫಲಿನಲ್ಲಿ ಹಾರಿಸುತ್ತಾರೆ; ಅನಂತರ ಅಳತೆಗಳನ್ನು ಮತ್ತೆ ನೋಡಿ, ಬಿರುಕು ಹಿಗ್ಗುಗಳಿಲ್ಲದಿದ್ದರೆ ನಳಿಕೆಯ ಮೇಲೂ ಬೋಲ್ಟಿನ ಮೇಲೂ ಮುದ್ರೆಯೊತ್ತುತ್ತಾರೆ. ಒತ್ತಡವನ್ನು ಹೊರುವ ಅಂಗವನ್ನು ಬದಲಾಯಿಸಿದರೆ ಆಯುಧವು ಮತ್ತೆ ಪರೀಕ್ಷೆಗೆ ಬರಬೇಕು. ಅಂಗವು ಎಲ್ಲಿ ಹುಟ್ಟಿತೆಂದು ಆ ಮುದ್ರೆ ಕೇಳುವುದಿಲ್ಲ. ಕೂಡಿದ ಅಂಗಗಳು ಒಟ್ಟಾಗಿ ಭಾರವನ್ನು ಹೊತ್ತುವೇ ಎಂಬುದನ್ನು ಮಾತ್ರ ಕೇಳುತ್ತದೆ. ಸಂಧಿಯಲ್ಲಿ ನೆಲಸಿರುವ ಕ್ಷೇಮವನ್ನು ಸಂಧಿಯಲ್ಲಿಯೇ ಹುಡುಕುವ ವಿವೇಕ ಇದು.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಸಮರ್ಥನಾದ ಕಮ್ಮಾರನು ಸರಿಯಾದ ಅಳತೆಗಡ್ಡಿಗಳಿಂದ ಪರೀಕ್ಷಿಸಿ ಜೋಡಿಸಿದ ಕಿಟ್ ರೈಫಲುಗಳು ವರ್ಷಗಟ್ಟಲೆ ನಿರಪಾಯವಾಗಿ ನಡೆಯುತ್ತಿವೆ, ಸೈನ್ಯದ ಹಳೆಯ ಉಕ್ಕು ಎಷ್ಟೋ ಹೊಸ ಉಕ್ಕಿಗಿಂತ ಮೇಲು, ಪರೀಕ್ಷಾಗೃಹವೆಂಬುದು ಸರ್ಕಾರದ ಹಸ್ತಕ್ಷೇಪಕ್ಕೆ ಇನ್ನೊಂದು ನೆಪವಾದೀತು ಎಂದು ಅಮೆರಿಕದ ಹವ್ಯಾಸಿಗಳು ವಾದಿಸುತ್ತಾರೆ. ಮೊದಲ ಎರಡು ಮಾತುಗಳು ನಿಜ. ಆದರೆ ಸಮರ್ಥನ ಕೈ ಮುಟ್ಟಿದ್ದಾವುದು, ಅಸಮರ್ಥನ ಕೈ ಮುಟ್ಟಿದ್ದಾವುದು ಎಂಬುದನ್ನು ಮೂರನೆಯ ಕೈಗೆ ಮಾರಾಟವಾದ ರೈಫಲನ್ನು ಕೊಂಡವನು ಬಲ್ಲನೇ? ಬಲ್ಲ ಕಮ್ಮಾರನಿಂದ ಹೆಡ್‌ಸ್ಪೇಸನ್ನು ಅಳೆಯಿಸಿಕೊಳ್ಳುವುದು, ಸಂಖ್ಯೆಗಳು ಹೊಂದಿವೆಯೇ ಎಂದು ನೋಡುವುದು, ಜಿಡ್ಡನ್ನು ಪೂರ್ತಿಯಾಗಿ ತೆಗೆದು ಫೈರಿಂಗ್ ಪಿನ್ನು ಸರಾಗವಾಗಿ ಚಲಿಸುವುದೆಂದು ಖಚಿತಪಡಿಸಿಕೊಳ್ಳುವುದು, ಕಣ್ಣಿಗೆ ರಕ್ಷೆಯಿಲ್ಲದೆ ಹಾರಿಸದಿರುವುದು ಇವೆಲ್ಲ ಅಲ್ಲಿಯ ಬಲ್ಲವರ ಬುದ್ಧಿವಾದ. ಬುದ್ಧಿವಾದವು ಕೇಳುವವನಿಗೆ ಮಾತ್ರ ಫಲಿಸುತ್ತದೆ. ಶೂಟಿಂಗ್ ರೇಂಜಿನಲ್ಲಿ ಅವನ ಮಗ್ಗುಲಲ್ಲಿ ನಿಂತವನ ಕಣ್ಣೂ ಅದೇ ಅಪಾಯದಲ್ಲಿರುತ್ತದೆ.

ನಮ್ಮ ದೇಶದಲ್ಲಿ ಈ ವ್ಯಾಪಾರಕ್ಕೆ ಎಡೆಯಿಲ್ಲ. 1959ರ ಆಯುಧ ಶಾಸನವು ಆಯುಧದ ಬಿಡಿಭಾಗಗಳನ್ನೂ ಆಯುಧವೆಂದೇ ಪರಿಗಣಿಸಿ, ಪರವಾನಗಿಯಿಲ್ಲದೆ ಅವನ್ನು ತಯಾರಿಸುವುದನ್ನೂ ರಿಪೇರಿ ಮಾಡುವುದನ್ನೂ ಆಮದು ಮಾಡುವುದನ್ನೂ ನಿಷೇಧಿಸಿದೆ. ಬಂದೂಕಿನ ಪರೀಕ್ಷೆಯ ಕೆಲಸವನ್ನು ಕೂಡ ಅದು ಪರವಾನಗಿಗೆ ಒಳಪಡಿಸಿದೆ. ಆ ಶಾಸನದ ಅಡಿಯಲ್ಲಿ ವಿಶೇಷ ವಿನಾಯಿತಿಯನ್ನು ಪಡೆದಿರುವ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಮನೆಯ ಕೋವಿಯನ್ನು ಶುಚಿಮಾಡಿ, ನಳಿಕೆಯ ತುದಿಗೆ ‘ತೋಕ್ ಪೂ’ ಎಂಬ ಕೆಂಪು ಹಳದಿಯ ಹೂವನ್ನು ಸಿಕ್ಕಿಸಿ, ದೇವರ ಮುಂದೆ ಇರಿಸುತ್ತಾರೆ. ಕೋವಿಯನ್ನು ಪೂಜೆಗಿಡುವ ಮೊದಲು ಒಂದೊಂದಾಗಿ ಒರೆಸಿ ನೋಡುವ ಆ ಕೈಗಳಲ್ಲಿ, ಆಯುಧವನ್ನು ಹೊಂದುವವನು ಅದರ ಸ್ಥಿತಿಗೂ ಹೊಣೆಯಾಗಬೇಕೆಂಬ ತಿಳಿವಳಿಕೆ ಇದೆ.

ಆದರೆ ಒರೆಸುವ ಕೈಗೆ ಕಾಣುವುದು ತುಕ್ಕು. ಉಕ್ಕಿನೊಳಗಣ ಬಿರುಕು ಅದಕ್ಕೆ ಕಾಣದು. ಸ್ಪ್ರಿಂಗ್‌ಫೀಲ್ಡಿನ ಕಮ್ಮಾರರ ಕಣ್ಣಿಗೂ ಅದು ಕಾಣಲಿಲ್ಲ. ಆದುದರಿಂದಲೇ ವ್ಯಕ್ತಿಯ ಎಚ್ಚರಕ್ಕೆ ಬೆಂಬಲವಾಗಿ ಸಮಾಜದ ಪರೀಕ್ಷೆಯೊಂದು ಬೇಕಾಗುತ್ತದೆ. ಬಂದೂಕುಗಳನ್ನು ಇಷ್ಟು ಧಾರಾಳವಾಗಿ ಜನರ ಕೈಗೆ ಕೊಡಲು ನಿರ್ಧರಿಸಿರುವ ದೇಶವು, ಯಾರಿಗೆ ಕೊಡಬೇಕು, ಯಾವ ದೇಶದ್ದನ್ನು ಕೊಡಬೇಕು ಎಂಬ ವಾದದಲ್ಲಿ ಎಷ್ಟು ಕಾಲವನ್ನು ಕಳೆದರೂ, ಕೊಡುವ ವಸ್ತುವನ್ನು ಒಮ್ಮೆ ಮರೆಯಲ್ಲಿ ನಿಂತು ಹಾರಿಸಿ ನೋಡಿ ಮುದ್ರೆಯೊತ್ತುವ ಕನಿಷ್ಠ ಕರ್ತವ್ಯದಿಂದ ನುಣುಚಿಕೊಳ್ಳಬಾರದು. ಪಟ್ಟಿಯಲ್ಲಿನ ಇಪ್ಪತ್ತು ಅಂಗಗಳನ್ನು ಎಣಿಸುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ಆ ಒಂದು ಗುಂಡನ್ನು ಹಾರಿಸಿ ನೋಡಬಹುದು.